ಮಗುದು ಊಟ ಆಯ್ತಾ?

(ಮೈಸೂರಿನ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ, ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತು. ಆಮೇಲೆ ಕೂತು ಬರೆದಿದ್ದೇನೆ. ಅಲ್ಲಿ ಮರೆತದ್ದನ್ನು ಸೇರಿಸಿದ್ದೇನೆ, ನನ್ನ ಕೆಮ್ಮನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಕುರ್ಚಿ ಖಾಲಿ ಇದೆ. ಮಕ್ಕಳು ಓಡಾಡಿದರೆ ಓಡಾಡಲಿ, ಸುಮ್ಮನಿರಿಸಬೇಡಿ. ಇಪ್ಪತ್ತೆಂಟು ವರ್ಷ ಶಿಶುವಿಹಾರ ನಡೆಸಿದವಳು ನಾನು. ಗಲಾಟೆ ಇಲ್ಲದಿದ್ದರೆ ನನಗೆ ಮಾತೇ ಬರುವುದಿಲ್ಲ.

ಪ್ರಶ್ನೆ ಇದ್ದರೆ ಮೊದಲೇ ಚೀಟಿಯಲ್ಲಿ ಬರೆದುಕೊಡಿ ಅಂತ ಹೇಳಿದ್ದರು. ಹದಿನೇಳು ಚೀಟಿ ಬಂದಿವೆ. ಹಲ್ಲು, ಹಟ, ಬೆರಳು ಚೀಪುವುದು, ಎಲ್ಲ ಇದೆ. ಒಂದು ಚೀಟಿ ಮಾತ್ರ ನನ್ನ ಕೈಯಲ್ಲೇ ಉಳಿದುಬಿಟ್ಟಿತು. ಓದುತ್ತೇನೆ ಕೇಳಿ. ‘ನಾನು ಕೆಲಸದಿಂದ ಮನೆ ಸೇರುವುದು ರಾತ್ರಿ ಎಂಟೂವರೆಗೆ. ಮಗಳಿಗೆ ಮೂರು ವರ್ಷ. ಮಕ್ಕಳ ಜೊತೆ ಕೂತು ಊಟ ಮಾಡಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಬರುವವರೆಗೆ ಅವಳನ್ನು ಕಾಯಿಸಬೇಕಾ? ಇಲ್ಲ, ಏಳು ಗಂಟೆಗೇ ಉಣಿಸಿ ಮಲಗಿಸಿಬಿಡಬೇಕಾ?’ ಹೆಸರು ಬರೆದಿಲ್ಲ. ಆದರೆ ಮೂರನೇ ಸಾಲಿನಲ್ಲಿ ಯಾರೋ ಕಿವಿ ತುರಿಸಿಕೊಳ್ಳುತ್ತಿದ್ದಾರೆ, ಗೊತ್ತಾಯಿತು ಬಿಡಿ.

ಇವತ್ತಿನ ಮಾತೆಲ್ಲ ಈ ಒಂದು ಚೀಟಿಗೇ. ಉಳಿದ ಹದಿನಾರನ್ನು ಆಮೇಲೆ ಕಾಫಿ ಕುಡಿಯುತ್ತಾ ನೋಡೋಣ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕಾಯಿಸಬೇಡಿ. ಇದು ಸುಮ್ಮನೆ ಲೆಕ್ಕದ ಮಾತು. ಮೂರು ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಮಧ್ಯಾಹ್ನದ ನಿದ್ದೆಯೂ ಸೇರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ ಇದು. ಒಂದೆರಡು ವರ್ಷದ ಕೂಸಿಗೆ ಇನ್ನೂ ಒಂದು ಗಂಟೆ ಜಾಸ್ತಿ. ಬೆಳಗ್ಗೆ ಏಳೂಮುಕ್ಕಾಲಿಗೆ ವ್ಯಾನ್ ಬರುತ್ತದೆ ಅಂದರೆ ಆರೂವರೆಗೆ ಎಬ್ಬಿಸಲೇಬೇಕು. ಹಿಂದಕ್ಕೆ ಎಣಿಸಿ ನೋಡಿ. ರಾತ್ರಿ ಎಂಟೂವರೆಗೆ ಆ ಮಗು ಮಲಗಿರಬೇಕು. ನೀವು ಬಾಗಿಲು ತೆಗೆದು ಚಪ್ಪಲಿ ಬಿಡುವ ಹೊತ್ತಿಗೆ ಅವಳ ದಿನ ಮುಗಿದಿರಬೇಕು. ಒಂಬತ್ತಕ್ಕೆ ತಟ್ಟೆ ಮುಂದೆ ಕೂರಿಸಿದರೆ ಕಣ್ಣು ಉಜ್ಜುತ್ತಾ ಅಳುತ್ತಾಳೆ, ನೀವು ಹಟ ಅಂತೀರಿ. ಹಟ ಅಲ್ಲ ಅದು, ನಿದ್ದೆ.

ಇಷ್ಟಕ್ಕೇ ಮುಗಿಸಿ ಮನೆಗೆ ಹೋಗಬಹುದಿತ್ತು. ಆದರೆ ಚೀಟಿಯಲ್ಲಿ ಎರಡನೇ ಪ್ರಶ್ನೆ ಇದೆಯಲ್ಲ, ‘ಉಣಿಸಿ ಮಲಗಿಸಿಬಿಡಬೇಕಾ’ ಅಂತ. ಅಲ್ಲಿ ನನಗೆ ಮುಳ್ಳು ಚುಚ್ಚಿತು.

ಉಣಿಸುವುದು ಅಂದರೆ ಏನು, ನಮ್ಮ ಮನೆಗಳಲ್ಲಿ ಏಳು ಗಂಟೆಗೆ ಏನಾಗುತ್ತದೆ, ನೋಡಿದ್ದೀರಲ್ಲ. ಸ್ಟೀಲ್ ಬಟ್ಟಲಲ್ಲಿ ಅನ್ನ, ಬೇಳೆಕಟ್ಟು, ತುಪ್ಪ. ಚೆನ್ನಾಗಿ ನುರಿದು ಹಾಕಿರುತ್ತಾರೆ. ಮಗು ಸೋಫಾದ ಮೇಲೆ. ಎದುರಿಗೆ ಸ್ಟೀಲ್ ಲೋಟಕ್ಕೆ ಒರಗಿಸಿದ ಮೊಬೈಲ್. ಅಮ್ಮ ನಿಂತೇ ಇದ್ದಾಳೆ, ಯಾಕೆಂದರೆ ಕುಕ್ಕರ್ ಇನ್ನೂ ಎರಡು ಕೂಗಬೇಕು. ಮಗುವಿನ ಕಣ್ಣು ಮೊಬೈಲ್ ಮೇಲೆ, ಬಾಯಿ ತಾನಾಗಿ ತೆರೆಯುತ್ತದೆ, ತುತ್ತು ಒಳಗೆ ಹೋಗುತ್ತದೆ. ಕೆನ್ನೆಯಲ್ಲಿ ಇಟ್ಟುಕೊಂಡರೆ ‘ನುಂಗು, ನುಂಗು’. ನಡುವೆ ಜಾಹೀರಾತು ಬಂತೆಂದರೆ ಬಾಯಿ ಮುಚ್ಚಿಹೋಗುತ್ತದೆ! ಅಷ್ಟರಲ್ಲಿ ಅಪ್ಪನ ಫೋನು, ‘ಮಗುದು ಊಟ ಆಯ್ತಾ?’ ‘ಆಯ್ತು, ಅರ್ಧ ಬಟ್ಟಲು ಉಳಿಸಿದಾನೆ.’ ಆ ಅರ್ಧ ಬಟ್ಟಲನ್ನು ಅಮ್ಮ ಸಿಂಕಿನ ಹತ್ತಿರ ನಿಂತು ಬಾಯಿಗೆ ಹಾಕಿಕೊಳ್ಳುತ್ತಾಳೆ.

ಈ ಮಗು ಇಡೀ ದಿನದಲ್ಲಿ ಒಬ್ಬ ದೊಡ್ಡವರು ಕೂತು ಊಟ ಮಾಡುವುದನ್ನು ನೋಡಿದೆಯಾ? ಬೆಳಗ್ಗೆ ಎಲ್ಲರಿಗೂ ಗಡಿಬಿಡಿ. ಮಧ್ಯಾಹ್ನ ಶಾಲೆಯಲ್ಲೋ ಡೇ ಕೇರಿನಲ್ಲೋ. ರಾತ್ರಿ ಅವನಿಗೆ ಮೊದಲು, ದೊಡ್ಡವರಿಗೆ ಅವನು ಮಲಗಿದ ಮೇಲೆ. ಮೂರು ವರ್ಷಕ್ಕೆ ಸಾವಿರ ರಾತ್ರಿ. ಅಷ್ಟೂ ರಾತ್ರಿ ಊಟ ಅಂದರೆ ತನಗೆ ಯಾರೋ ಮಾಡುವ ಕೆಲಸ ಅಂತಲೇ ಅವನಿಗೆ ಗೊತ್ತಿರುವುದು. ತಲೆಗೆ ಎಣ್ಣೆ ಹಚ್ಚಿದ ಹಾಗೆ, ಉಗುರು ಕತ್ತರಿಸಿದ ಹಾಗೆ.

ಈಗ ಯಾರಾದರೂ ಹಿರಿಯರು ಎದ್ದು, ‘ನಮ್ಮ ಕಾಲದಲ್ಲಿ ಎಲ್ಲ ಒಟ್ಟಿಗೆ ಕೂತು ಉಣ್ಣುತ್ತಿದ್ದೆವು’ ಅಂತ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಉಣ್ಣುತ್ತಿರಲಿಲ್ಲ. ಕನಿಷ್ಠ ನಮ್ಮ ಕಡೆ ಇರಲಿಲ್ಲ. ನನ್ನ ಅಜ್ಜಿಯ ಮನೆ ಕೆ.ಆರ್. ನಗರದ ಹತ್ತಿರದ ಹಳ್ಳಿ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಒಂದು ದೊಡ್ಡ ತಪ್ಪಲೆಯಲ್ಲಿ ಅನ್ನ ಹುಳಿ ಕಲಸಿಕೊಂಡು ಜಗಲಿಗೆ ಬರುತ್ತಿದ್ದರು. ನಾವು ಏಳೆಂಟು ಮಕ್ಕಳು ಸುತ್ತ ಕೂರುತ್ತಿದ್ದೆವು. ಕೈತುತ್ತು. ಬಲಗೈ ಒಡ್ಡಿದರೆ ಒಂದು ತುತ್ತು, ಅದರ ನಡುವೆ ಹೆಬ್ಬೆರಳಿಂದ ಒಂದು ಗುಳಿ, ಗುಳಿಗೆ ಒಂದು ಚಮಚ ಸಾರು. ಅದು ಬೆರಳ ಸಂದಿಯಿಂದ ಸೋರುವ ಮೊದಲು ಬಾಯಿಗೆ ಹೋಗಬೇಕು. ನಾವೆಲ್ಲ ಉಂಡು ಎದ್ದ ಮೇಲೆ ಗಂಡಸರ ಪಂಕ್ತಿ. ಅದು ಮುಗಿದು, ಗೋಮಯ ಹಚ್ಚಿ, ಹಾಲಿಗೆ ಹೆಪ್ಪು ಹಾಕಿ, ಆಮೇಲೆ ಹೆಂಗಸರು. ನನ್ನ ಅಮ್ಮ ಊಟ ಮಾಡುವುದನ್ನು ನಾನು ನೋಡಿದ್ದು ನನಗೆ ಹತ್ತು ವರ್ಷ ದಾಟಿದ ಮೇಲೆ. ಅಪ್ಪನ ಪಕ್ಕ ಕೂತು ಉಂಡಿದ್ದು ಮದುವೆಮನೆಯಲ್ಲಿ.

ಹಾಗಾಗಿ ‘ಅಪ್ಪ ಅಮ್ಮ ಮಕ್ಕಳು ಒಂದೇ ಮೇಜಿನ ಸುತ್ತ’ ಅನ್ನುವುದು ನಮ್ಮ ಹಳೆಯ ಪದ್ಧತಿ ಏನಲ್ಲ. ಊಟದ ಮೇಜೇ ನಮ್ಮ ಬಹಳ ಮನೆಗಳಿಗೆ ಬಂದದ್ದು ನಮ್ಮ ಕಣ್ಣ ಮುಂದೆ. ಬಂದ ಮೇಲೂ ಅದರ ಮೇಲೆ ಇಸ್ತ್ರಿ ಬಟ್ಟೆ, ಔಷಧಿ ಡಬ್ಬ, ನೆಂಟರು ತಂದ ಸೇಬಿನ ಚೀಲ. ಊಟ ಟಿವಿ ಮುಂದೆ.

ಆದರೆ ಜಗಲಿಯ ಮೇಲೆ ನನ್ನ ಪಕ್ಕ ಯಾರಿದ್ದರು? ಅಣ್ಣ ಇದ್ದ, ಚಿಕ್ಕಪ್ಪನ ಮಕ್ಕಳಿದ್ದರು, ಪಕ್ಕದ ಮನೆಯ ಹುಡುಗಿ ಇದ್ದಳು. ಎಲ್ಲರ ಬಾಯಿಗೂ ಅದೇ ತಪ್ಪಲೆಯ ಅದೇ ಹುಳಿ. ಅಣ್ಣ ಬದನೆಕಾಯಿ ಹೋಳನ್ನು ಚಪ್ಪರಿಸಿ ತಿಂದರೆ ನನಗೂ ಅದೇ ಬೇಕು. ಅಪ್ಪ ಅಮ್ಮ ಜೊತೆಗಿಲ್ಲದಿದ್ದರೂ ನಾವು ಒಂಟಿಯಾಗಿ ಉಣ್ಣುತ್ತಿರಲಿಲ್ಲ. ಇವತ್ತಿನ ಫ್ಲಾಟಿನಲ್ಲಿ ಅಣ್ಣ ಇಲ್ಲ, ಚಿಕ್ಕಪ್ಪನ ಮಕ್ಕಳು ಹೈದರಾಬಾದಿನಲ್ಲಿದ್ದಾರೆ. ಆ ಜಗಲಿಯ ಜಾಗವನ್ನು ತುಂಬಬೇಕಾದವರು ಯಾರು? ನೀವೇ ಇಬ್ಬರು, ಇಲ್ಲ ಮನೆಯಲ್ಲಿದ್ದರೆ ಅಜ್ಜಿ ತಾತ. ಬೇರೆ ಜನ ಎಲ್ಲಿದ್ದಾರೆ ಹೇಳಿ.

ಜೊತೆಗೆ ಕೂತು ತಿಂದರೆ ಮಗುವಿಗೆ ಏನಾಗುತ್ತದೆ ಅನ್ನುವುದಕ್ಕೆ ನೀವು ದೂರ ಹೋಗಬೇಕಾಗಿಲ್ಲ, ಯಾವುದಾದರೂ ಅಂಗನವಾಡಿಗೆ ಮಧ್ಯಾಹ್ನ ಹೋಗಿ ನೋಡಿ. ನಮ್ಮ ರಾಜ್ಯದ ಅಂಗನವಾಡಿ ಕೆಲಸ 1975ರ ಅಕ್ಟೋಬರ್ 2ರಂದು ಶುರುವಾಗಿದ್ದು ಇಲ್ಲೇ ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ, ಗೊತ್ತಲ್ವಾ? ಅಲ್ಲಿ ಮಕ್ಕಳು ಸಾಲಾಗಿ ಕೂತು ಸೊಪ್ಪಿನ ಸಾರು ಅನ್ನ ತಿನ್ನುತ್ತವೆ. ಸಂಜೆ ತಾಯಿ ಬಂದು, ‘ಟೀಚರ್, ಮನೇಲಿ ಸೊಪ್ಪು ಮುಟ್ಟಲ್ಲ ಕಣ್ರೀ ಇವನು’ ಅನ್ನುತ್ತಾಳೆ. ನನ್ನ ಶಿಶುವಿಹಾರದಲ್ಲೂ ಇದೇ ಕಥೆ.

ಅಮೆರಿಕದಲ್ಲಿ ಲಿಯಾನ್ ಬರ್ಚ್ ಅಂತ ಒಬ್ಬ ವಿಜ್ಞಾನಿ ಇದನ್ನೇ ಅಳೆದು ನೋಡಿದರು, 1980ರಲ್ಲಿ. ಒಂದು ತರಕಾರಿ ಇಷ್ಟಪಡದ ಮಗುವನ್ನು, ಅದನ್ನೇ ಇಷ್ಟಪಡುವ ಮೂರ್ನಾಲ್ಕು ಮಕ್ಕಳ ಜೊತೆ ಊಟಕ್ಕೆ ಕೂರಿಸಿದರು. ಯಾರೂ ಏನೂ ಹೇಳಲಿಲ್ಲ. ನಾಲ್ಕು ದಿನದಲ್ಲಿ ಮಕ್ಕಳ ಆಯ್ಕೆ ವಾಲಿತು. ಚಿಕ್ಕ ಮಕ್ಕಳದು ಇನ್ನೂ ಬೇಗ ವಾಲಿತು. ಅದಕ್ಕೂ ಮೊದಲು 1975ರಲ್ಲೇ ಹಾರ್ಪರ್ ಮತ್ತು ಸ್ಯಾಂಡರ್ಸ್ ಅನ್ನುವ ಇಬ್ಬರು, ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಹೊಸ ತಿಂಡಿ ಕೊಟ್ಟು ನೋಡಿದ್ದರು. ದೊಡ್ಡವರು ‘ತಗೋ’ ಅಂತ ಕೊಟ್ಟಾಗ ಕೆಲವು ಮಕ್ಕಳು ಬಾಯಿಗೆ ಹಾಕಿಕೊಂಡವು. ದೊಡ್ಡವರು ತಾವೂ ತಿನ್ನುತ್ತಾ ಕೊಟ್ಟಾಗ ಜಾಸ್ತಿ ಮಕ್ಕಳು ಬಾಯಿಗೆ ಹಾಕಿಕೊಂಡವು. ಕೊಟ್ಟವರು ಅಪರಿಚಿತರಾಗಿದ್ದಾಗ ಅಷ್ಟು ಕೆಲಸ ಮಾಡಲಿಲ್ಲ, ಅಮ್ಮ ಆಗಿದ್ದಾಗ ಚೆನ್ನಾಗಿ ಕೆಲಸ ಮಾಡಿತು.

ಇನ್ನೊಂದು ನನಗೆ ಬಹಳ ಇಷ್ಟ. ರೋಮ್ ನಗರದಲ್ಲಿ ಕೋತಿಗಳ ಮೇಲೆ ಕೆಲಸ ಮಾಡುವ ಒಂದು ತಂಡ ಇತ್ತು. ಅವರ ಕ್ಯಾಪುಚಿನ್ ಕೋತಿಗಳು ಹೇಗೆಂದರೆ, ಪಕ್ಕದ ಕೋತಿ ಏನಾದರೂ ತಿನ್ನುತ್ತಿದ್ದರೆ ಸಾಕು, ಇವೂ ತಮ್ಮ ಮುಂದೆ ಇದ್ದದ್ದನ್ನು ತಿನ್ನುತ್ತಿದ್ದವು. ಅದು ತಿನ್ನುವುದೂ ತಮ್ಮ ಮುಂದಿರುವುದೂ ಒಂದೇನಾ ಅಂತ ಅವಕ್ಕೆ ಯೋಚನೆ ಇಲ್ಲ. ಆಮೇಲೆ ಇದನ್ನೇ ಎರಡರಿಂದ ಐದು ವರ್ಷದ ಮಕ್ಕಳ ಮೇಲೆ ಮಾಡಿ 2005ರಲ್ಲಿ ಪ್ರಕಟಿಸಿದರು. ಬಣ್ಣ ಹಾಕಿ ಬೇಯಿಸಿದ ರವೆ, ನಮ್ಮ ಉಪ್ಪಿಟ್ಟಿನ ರವೆ ಅಂದುಕೊಳ್ಳಿ. ಎದುರಿಗೆ ಕೂತ ದೊಡ್ಡವರು ಬೇರೆ ಬಣ್ಣದ್ದು ತಿಂದರೆ ಮಕ್ಕಳ ಮೇಲೆ ಅಷ್ಟೇನೂ ಪರಿಣಾಮ ಇಲ್ಲ. ತಮ್ಮ ಬಟ್ಟಲಿನ ಬಣ್ಣದ್ದನ್ನೇ ತಿಂದರೆ ಬಾಯಿ ಹಾಕಿದವು. ಅಂದರೆ ನೀವು ಪಕ್ಕದಲ್ಲಿ ಕೂತು ಚಿಪ್ಸ್ ತಿನ್ನುತ್ತಾ ಅವನಿಗೆ ಬೀನ್ಸ್ ಪಲ್ಯ ತಿನ್ನು ಅಂದರೆ ನಡೆಯುವುದಿಲ್ಲ. ಕೋತಿಯಾಗಿದ್ದರೆ ನಡೆಯುತ್ತಿತ್ತೋ ಏನೋ.

‘ಮೇಡಂ, ನಮ್ಮ ಸಾರು ಖಾರ, ಮಗು ಹೇಗೆ ತಿನ್ನುತ್ತದೆ’ ಅಂತ ಕೇಳುತ್ತೀರಿ. ಮೆಣಸಿನಕಾಯಿಯ ತವರು ಮೆಕ್ಸಿಕೋ ಕಡೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಮುತ್ತಜ್ಜಿಯೂ ಅಲ್ಲಿಂದಲೇ ಬಂದವಳು. ಪಾಲ್ ರೋಜಿನ್ ಅನ್ನುವ ಮನಶ್ಶಾಸ್ತ್ರಜ್ಞ ಅಲ್ಲಿನ ಓಹಾಕಾ ಪ್ರಾಂತ್ಯದ ಒಂದು ಹಳ್ಳಿಗೆ ಹೋಗಿ, ಮಕ್ಕಳಿಗೆ ಖಾರ ಹೇಗೆ ಇಷ್ಟವಾಗುತ್ತದೆ ಅಂತ ನೋಡಿದರು. 1980ರಲ್ಲಿ ಬರೆದರು. ಅಲ್ಲಿ ಯಾರೂ ಮಕ್ಕಳಿಗೆ ಖಾರ ತಿನ್ನಿಸುವುದಿಲ್ಲ, ತಿಂದರೆ ಬಹುಮಾನವೂ ಇಲ್ಲ. ದೊಡ್ಡವರು ತಿನ್ನುತ್ತಾರೆ, ಬಟ್ಟಲು ಮಧ್ಯದಲ್ಲಿ ಇರುತ್ತದೆ, ಮಕ್ಕಳು ನೆಕ್ಕಿ ನೋಡುತ್ತವೆ, ಹಾ ಹಾ ಅನ್ನುತ್ತವೆ, ಬಿಡುತ್ತವೆ. ಐದಾರು ವರ್ಷದ ಹೊತ್ತಿಗೆ ತಾವೇ ಕೈ ಹಾಕಿ ಬಡಿಸಿಕೊಳ್ಳುತ್ತವೆ. ಅದೇ ಹಳ್ಳಿಯಲ್ಲಿ ನಾಯಿ ಹಂದಿಗಳು ದಿನಾ ಆ ಖಾರದ ಎಂಜಲನ್ನೇ ತಿಂದು ಬೆಳೆಯುತ್ತಿದ್ದವು. ಅವುಗಳ ಮುಂದೆ ಖಾರದ್ದು ಖಾರ ಇಲ್ಲದ್ದು ಎರಡೂ ಇಟ್ಟರೆ ಖಾರ ಇಲ್ಲದ್ದಕ್ಕೇ ಬಾಯಿ ಹಾಕುತ್ತಿದ್ದವು. ತಿಂದದ್ದು ಒಂದೇ ಊಟ. ಮಕ್ಕಳಿಗೆ ಪಂಕ್ತಿ ಇತ್ತು, ನಾಯಿಗೆ ಇರಲಿಲ್ಲ.

ನಮ್ಮ ಮನೆಯಲ್ಲಿ ನಾನು ಮಾಡುವುದು ಇಷ್ಟೇ. ಬೇಳೆ ತರಕಾರಿ ಬೆಂದ ಮೇಲೆ, ಖಾರದ ಪುಡಿ ಹಾಕುವ ಮೊದಲು ಒಂದು ಬಟ್ಟಲು ತೆಗೆದಿಡುತ್ತೇನೆ. ಅದೇ ತರಕಾರಿ, ಅದೇ ಬೇಳೆ, ಖಾರ ಮಾತ್ರ ಇಲ್ಲ. ಮೊಮ್ಮಗನಿಗೆ ಮೂರು ವರ್ಷ. ಅವನ ತಟ್ಟೆ ನನ್ನ ತಟ್ಟೆ ನೋಡಲು ಒಂದೇ ಥರ. ಕೆಲವು ದಿನ ನನ್ನ ಸಾರಿಗೆ ಬೆರಳು ಅದ್ದಿ ನೆಕ್ಕುತ್ತಾನೆ, ಮುಖ ಹಿಂಡುತ್ತಾನೆ, ನೀರು ಕುಡಿಯುತ್ತಾನೆ. ಮಾರನೇ ದಿನ ಮತ್ತೆ ಅದ್ದುತ್ತಾನೆ.

ರಾಗಿ ಮುದ್ದೆ ಇದೆಯಲ್ಲ, ಅದನ್ನು ಬಾಯಿಮಾತಿನಲ್ಲಿ ಯಾವ ಮಗುವಿಗಾದರೂ ಕಲಿಸಿದ್ದೀರಾ? ಮುರಿಯಬೇಕು, ಬೆರಳಲ್ಲಿ ಉರುಟು ಮಾಡಬೇಕು, ಸಾರಿನಲ್ಲಿ ಹೊರಳಿಸಬೇಕು, ಅಗಿಯದೆ ನುಂಗಬೇಕು. ಅಗಿದರೆ ಹಲ್ಲಿಗೆ ಅಂಟಿ ಫಜೀತಿ. ನನ್ನ ಯಜಮಾನರ ಪಕ್ಕ ಕೂತು ಈ ಹುಡುಗ ನೋಡುತ್ತಾನೆ. ತಾತ ಮುರಿದರೆ ಇವನೂ ಮುರಿಯುತ್ತಾನೆ, ಕಡಲೆಕಾಳಿನಷ್ಟು. ತಾತನ ಗಂಟಲು ಮೇಲೆ ಕೆಳಗೆ ಆಗುವುದನ್ನು ಬೆರಗಾಗಿ ನೋಡಿ, ತಾನೂ ಕತ್ತು ಎತ್ತಿ ನುಂಗುತ್ತಾನೆ. ಮೊದಲ ಹತ್ತು ಸಲ ಮುದ್ದೆಗಿಂತ ಅಂಗಿಗೇ ಜಾಸ್ತಿ ಹೋಯಿತು.

ಇದನ್ನೆಲ್ಲ ಹೇಳುವಾಗ ನಾನು ದೊಡ್ಡ ಜಾಣೆ ಥರ ಕಾಣುತ್ತಿರಬಹುದು. ಹಾಗಾದರೆ ನನ್ನ ಮಗಳ ಕಥೆ ಕೇಳಿ. ಅವಳಿಗೆ ಆಗ ನಾಲ್ಕು ವರ್ಷ. ಸಣಕಲಿ. ನೆಂಟರೆಲ್ಲ, ‘ಏನ್ರೀ, ಶಿಶುವಿಹಾರದ ಟೀಚರ್ ಮಗಳಿಗೇ ಊಟ ಹಾಕಲ್ವಾ’ ಅಂತ ನಗುತ್ತಿದ್ದರು. ಒಂದು ರಾತ್ರಿ ನನಗೆ ರೇಗಿಹೋಯಿತು. ಹಾಗಲಕಾಯಿ ಕೂಡ ಅಲ್ಲ, ಬರೀ ಸೋರೆಕಾಯಿ ಹುಳಿ. ಮೂಗು ಹಿಡಿದು ಬಾಯಿ ತೆರೆಸಿ ತುರುಕಿದೆ. ಎಲ್ಲವನ್ನೂ ನನ್ನ ಸೀರೆ ಮೇಲೆ ವಾಂತಿ ಮಾಡಿಕೊಂಡಳು. ಅವಳು ಅತ್ತಳು, ನಾನೂ ಅತ್ತೆ. ಈಗ ಅವಳಿಗೆ ಮೂವತ್ತನಾಲ್ಕು. ಬೆಂಗಳೂರಿನಲ್ಲಿ ದೊಡ್ಡ ಕೆಲಸ. ಇವತ್ತಿಗೂ ಸೋರೆಕಾಯಿ ಅಂದರೆ ತಟ್ಟೆ ಸರಿಸುತ್ತಾಳೆ.

2006ರಲ್ಲಿ ಬಂದ ಒಂದು ಅಧ್ಯಯನ ಓದಿದಾಗ ನನ್ನ ಸೀರೆಯೇ ನೆನಪಾಯಿತು. ಅಮೆರಿಕದ ಶಿಶುವಿಹಾರದ ಮಕ್ಕಳಿಗೆ ಎರಡು ಥರದ ಸೂಪ್ ಕೊಟ್ಟರು, ಒಂದು ಕುಂಬಳಕಾಯಿ ಜಾತಿಯದು, ಒಂದು ಜೋಳದ್ದು. ಒಂದು ಸೂಪಿಗೆ ‘ಮುಗಿಸು, ಮುಗಿಸು’ ಅಂತ ಹೇಳುತ್ತಲೇ ಇದ್ದರು. ಇನ್ನೊಂದಕ್ಕೆ ಏನೂ ಹೇಳಲಿಲ್ಲ. ಹೇಳದಿದ್ದದ್ದನ್ನೇ ಮಕ್ಕಳು ಜಾಸ್ತಿ ಕುಡಿದವು. ಒತ್ತಾಯ ಮಾಡಿದ ಸೂಪಿನ ಬಗ್ಗೆ ‘ಥೂ, ಚೆನ್ನಾಗಿಲ್ಲ’ ಅನ್ನುವ ಮಾತೂ ಜಾಸ್ತಿ. ಎಲಿನ್ ಸ್ಯಾಟರ್ ಅನ್ನುವ ಆಹಾರ ತಜ್ಞೆ ಇದಕ್ಕೆ ಒಂದು ಸರಳ ಪಾಲುಪಟ್ಟಿ ಮಾಡಿದ್ದಾರೆ. ಏನು, ಯಾವಾಗ, ಎಲ್ಲಿ, ಇಷ್ಟು ಅಪ್ಪ ಅಮ್ಮಂದಿರ ಪಾಲು. ತಿನ್ನಬೇಕಾ ಬೇಡವಾ, ಎಷ್ಟು, ಇದು ಮಗುವಿನ ಪಾಲು. ನಾವು ಅಮ್ಮಂದಿರು ಯಾವಾಗಲೂ ಮಗುವಿನ ಪಾಲಿಗೆ ಕೈ ಹಾಕುತ್ತೇವೆ. ಅದರಲ್ಲೂ ನಾವು ತಿನ್ನದೆ ಬರೀ ತಿನ್ನಿಸಲು ಕೂತಾಗ ಮಾಡಲು ಬೇರೆ ಏನು ಕೆಲಸ ಇರುತ್ತದೆ? ಕಣ್ಣು ಅವನ ತಟ್ಟೆಯ ಮೇಲೇ. ನಮ್ಮ ಮುಂದೆ ನಮ್ಮದೂ ಒಂದು ತಟ್ಟೆ ಇದ್ದರೆ, ಅರ್ಧ ಗಮನ ಅದಕ್ಕೆ ಹೋಗುತ್ತದೆ. ಮಗುವಿಗೆ ಅಷ್ಟು ಉಸಿರಾಡಲು ಜಾಗ ಸಿಗುತ್ತದೆ.

ಈಗ ನನಗೆ ಕಸಿವಿಸಿ ಆಗುವ ವಿಷಯಕ್ಕೆ ಬರುತ್ತೇನೆ. ಶಿಶುವಿಹಾರದಲ್ಲಿ ಮಕ್ಕಳು ಅಡುಗೆ ಆಟ ಆಡುತ್ತವೆ. ಸಣ್ಣ ಸಣ್ಣ ಪಾತ್ರೆ, ಎಲೆ, ಮರಳು. ಒಂದು ಹುಡುಗಿ ಅಮ್ಮ ಆಗಿದ್ದಳು. ಎಲ್ಲರಿಗೂ ಎಲೆ ಹಾಕಿದಳು, ಮರಳು ಬಡಿಸಿದಳು, ‘ಇನ್ನೊಂಚೂರು ಹಾಕ್ಲಾ’ ಅಂತ ಕೇಳಿದಳು. ಅಪ್ಪ ಆಗಿದ್ದ ಹುಡುಗ, ‘ನೀನೂ ಬಾ’ ಅಂದ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು, ‘ನಂದು ಆಮೇಲೆ. ನೀವೆಲ್ಲ ಮುಗಿಸಿ’ ಅಂದಳು. ನಾಲ್ಕು ವರ್ಷ ಅವಳಿಗೆ. ಆಟ ಮುಗಿಯಿತು, ಪಾತ್ರೆ ಎತ್ತಿಟ್ಟರು. ಅವಳ ‘ಆಮೇಲೆ’ ಬರಲೇ ಇಲ್ಲ.

2024ರ ಸಮಯ ಬಳಕೆ ಸಮೀಕ್ಷೆ ಅಂತ ಸರ್ಕಾರದ್ದೇ ಲೆಕ್ಕ ಇದೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಒಟ್ಟಿಗೆ ಊಟ ಮಾಡಿ ಅಂತ ಉಪದೇಶ ಮಾಡಿದಾಗ ಈ 289 ಹೇಗಾದರೂ 320 ಆಗುವ ಅಪಾಯ ಇದೆ. ಮಗುವಿಗೆ ಏಳಕ್ಕೆ ಬಿಸಿ ಅಡುಗೆ, ಗಂಡನಿಗೆ ಒಂಬತ್ತಕ್ಕೆ ಬಿಸಿ ಚಪಾತಿ, ನಡುವೆ ಎರಡು ಸಲ ಪಾತ್ರೆ. ನಾನು ಹೇಳುತ್ತಿರುವುದು ಅದಲ್ಲ. ಏಳು ಗಂಟೆಗೆ ಅಮ್ಮ ತಾನೂ ತಟ್ಟೆ ಹಾಕಿಕೊಂಡು ಕೂರಲಿ, ಕೂತು ಹೊಟ್ಟೆ ತುಂಬ ಉಣ್ಣಲಿ. ಒಂಬತ್ತಕ್ಕೆ ಬರುವವರು ತಾವೇ ಸಾರು ಬಿಸಿ ಮಾಡಿಕೊಳ್ಳಲಿ. ಗ್ಯಾಸ್ ಹಚ್ಚುವುದನ್ನು ಗಂಡಸರಿಗೆ ಯಾರೂ ಕಲಿಸಬೇಕಾಗಿಲ್ಲ, ಕಾಫಿಗೆ ಹಚ್ಚುತ್ತಾರಲ್ಲ. (ಇಲ್ಲಿ ಚಪ್ಪಾಳೆ ಬಂತು. ಯಾವ ಕಡೆಯಿಂದ ಅಂತ ಬರೆಯುವುದಿಲ್ಲ.)

ಮನೆಯಲ್ಲಿ ಹಿರಿಯರಿದ್ದರೆ ಇನ್ನೂ ಸುಲಭ. ಸಕ್ಕರೆ ಕಾಯಿಲೆ ಇರುವ ತಾತ ಹೇಗೂ ಏಳೂವರೆಗೇ ಊಟ ಮಾಡುತ್ತಾರೆ. ಅವರಿಗೆ ಟಿವಿ ಮುಂದೆ ಒಂದು ತಟ್ಟೆ, ಮಗುವಿಗೆ ಸೋಫಾದ ಮೇಲೆ ಒಂದು ಬಟ್ಟಲು, ಯಾಕೆ? ಇಬ್ಬರನ್ನೂ ಒಂದೇ ಚಾಪೆ ಮೇಲೆ ಕೂರಿಸಿ. ಇಬ್ಬರಿಗೂ ಮೆತ್ತಗಿನ ಅನ್ನ, ಇಬ್ಬರಿಗೂ ಉಪ್ಪು ಖಾರ ಕಡಿಮೆ, ಇಬ್ಬರದೂ ನಿಧಾನ. ಇದಕ್ಕಿಂತ ಒಳ್ಳೆ ಜೋಡಿ ನಾನು ನೋಡಿಲ್ಲ.

ಇನ್ನು ಅಪ್ಪನ ಮಾತು. ಮೂರನೇ ಸಾಲಿನವರೇ, ರಾತ್ರಿ ಹೋಯಿತು ಬಿಡಿ, ಬೆಳಗ್ಗೆ ಎಲ್ಲಿ ಹೋಗಿದೆ? ಏಳು ಗಂಟೆಗೆ ನೀವೂ ತಿಂಡಿ ತಿನ್ನುತ್ತೀರಿ, ಅವಳೂ ತಿನ್ನುತ್ತಾಳೆ. ನೀವು ನಿಂತು ಇಡ್ಲಿ ನುಂಗುವ ಬದಲು ಅವಳ ಪಕ್ಕ ಹತ್ತು ನಿಮಿಷ ಕೂತು ನುಂಗಿ. ಅದೇ ಇಡ್ಲಿ, ಅದೇ ಚಟ್ನಿ. ಮಗುವಿಗೆ ರಾತ್ರಿ ಊಟವೇ ದೊಡ್ಡದು, ಬೆಳಗಿನದು ಚಿಕ್ಕದು ಅಂತ ಯಾರು ಹೇಳಿದ್ದು? ಭಾನುವಾರ ಮಧ್ಯಾಹ್ನ ಇದೆ. ನನ್ನ ತಂಗಿಯ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಸಂಜೆ ಆರಕ್ಕೇ ಎಲ್ಲರೂ ರಾತ್ರಿ ಊಟಕ್ಕೆ ಕೂರುತ್ತಾರೆ, ಮಕ್ಕಳು ಎಂಟಕ್ಕೆ ಮಲಗಿರುತ್ತವೆ. ಅದನ್ನು ನೋಡಿ ನಾವು ಇಲ್ಲಿ ಹೊಟ್ಟೆ ಉರಿದುಕೊಳ್ಳುವುದು ಬೇಡ. ಅವನ ಆಫೀಸು ಮನೆಯಿಂದ ಹತ್ತು ನಿಮಿಷ. ನಿಮ್ಮದು ಬೆಂಗಳೂರಿನ ರೈಲಿನ ಆಚೆ ಇದೆ. ಆರು ಗಂಟೆಗೆ ನೀವು ಇನ್ನೂ ಮದ್ದೂರನ್ನೂ ಮುಟ್ಟಿರುವುದಿಲ್ಲ.

ಅಮೆರಿಕದ ಮಾತು ಬಂತಲ್ಲ, ಇನ್ನೊಂದು ಎಚ್ಚರಿಕೆ. ‘ಒಟ್ಟಿಗೆ ಊಟ ಮಾಡುವ ಮನೆಯ ಮಕ್ಕಳು ಕೆಟ್ಟ ಚಟಕ್ಕೆ ಬೀಳುವುದಿಲ್ಲ, ಮಾರ್ಕ್ಸ್ ಜಾಸ್ತಿ ತೆಗೆಯುತ್ತಾರೆ’ ಅಂತೆಲ್ಲ ನಿಮ್ಮ ವಾಟ್ಸಾಪಿಗೆ ಬರುತ್ತದೆ. 1990ರ ದಶಕದಿಂದ ಅಲ್ಲಿ ಇಂಥ ಸಮೀಕ್ಷೆಗಳು ನಡೆದಿವೆ, ನಿಜ. ಆದರೆ ಕೆಲ್ಲಿ ಮ್ಯೂಸಿಕ್, ಆ್ಯನ್ ಮೇಯರ್ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞೆಯರು 2012ರಲ್ಲಿ ಇದನ್ನು ಜರಡಿ ಹಿಡಿದರು. ಮನೆಯ ಆದಾಯ, ಅಪ್ಪ ಅಮ್ಮ ಮಕ್ಕಳ ನಡುವಿನ ಸಂಬಂಧ, ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ ಊಟದ ಮಹಿಮೆ ಬಹಳ ಕಡಿಮೆಯಾಯಿತು. ಹೊಂದಿಕೊಂಡಿರುವ ಮನೆಯವರು ಒಟ್ಟಿಗೆ ಊಟಕ್ಕೆ ಕೂರುತ್ತಾರೆ, ಅದು ಸಹಜ. ಜಗಳದ ಮನೆಯಲ್ಲಿ ಮೇಜು ಹಾಕಿದರೆ ಜಗಳ ಮೇಜಿನ ಮೇಲೆ ನಡೆಯುತ್ತದೆ. ಅದಕ್ಕೇ ನಾನು ದೊಡ್ಡ ಭರವಸೆ ಏನೂ ಕೊಡುವುದಿಲ್ಲ. ಸೊಪ್ಪು ತಿನ್ನುವುದನ್ನು ಕಲಿಯಬಹುದು, ಅಷ್ಟು ಹೇಳಬಲ್ಲೆ. ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ 100 ಮಕ್ಕಳಲ್ಲಿ 65ಕ್ಕೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ಲೆಕ್ಕದ ಮುಂದೆ ಸೊಪ್ಪು ಸಣ್ಣ ವಿಷಯ ಅಲ್ಲ, ಅಲ್ವಾ?

ಇನ್ನೊಂದು ಲಾಭ ಇದೆ, ಅದು ಮಾತು. ಕ್ಯಾಥರೀನ್ ಸ್ನೋ ಅನ್ನುವವರ ತಂಡ ಊಟದ ಹೊತ್ತಿನ ಮಾತುಗಳನ್ನು ರೆಕಾರ್ಡ್ ಮಾಡಿ ಕೇಳಿತು. ಊಟದ ಮುಂದೆ ಅಪರೂಪದ ಪದಗಳನ್ನು ಜಾಸ್ತಿ ಕೇಳಿದ ಮಕ್ಕಳಿಗೆ ಮುಂದೆ ಪದಸಂಪತ್ತೂ ಜಾಸ್ತಿ ಇತ್ತು. ನಮ್ಮ ಮನೆಯಲ್ಲಿ ಮೊನ್ನೆ ಪಲ್ಯ ತಳ ಹಿಡಿಯಿತು. ಯಜಮಾನರು, ‘ಸೀದ ವಾಸನೆ’ ಅಂದರು. ಹುಡುಗ, ‘ಸೀದ ಅಂದ್ರೆ?’ ಅಂದ. ತೋರಿಸಿದೆ. ಎರಡು ದಿನ ಮನೆಯಲ್ಲಿ ಎಲ್ಲವೂ ಸೀದು ಹೋಯಿತು. ಹಾಲು, ಚಪ್ಪಲಿ, ಪಕ್ಕದ ಮನೆ ನಾಯಿ. ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳಿಗೆ ಹದ, ಚಿಟಿಕೆ, ಒಗ್ಗರಣೆ, ಕರುಕಲು ಇವೆಲ್ಲ ಇನ್ನೆಲ್ಲಿ ಸಿಗಬೇಕು?

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಅಜ್ಜಿ ಎದ್ದು ನಿಂತು ಕೇಳಿದರು, ‘ಹಂಗಾದ್ರೆ ನಾವು ತುತ್ತು ಕೊಡೋದೇ ತಪ್ಪಾ ಕಣಮ್ಮ? ಚಂದಮಾಮನ್ನ ತೋರಿಸಿ ತಿನ್ನಿಸಿದ್ವಿ, ನಮ್ಮ ಮಕ್ಕಳು ಬೆಳೀಲಿಲ್ವಾ?’ ತಪ್ಪಲ್ಲ ಅಜ್ಜಿ. ವರ್ಷದ ಕೂಸಿಗೆ ತುತ್ತು ಕೊಡಲೇಬೇಕು. ನಾನೂ ಕೊಡುತ್ತೇನೆ. ನನ್ನ ತಟ್ಟೆಯಿಂದ ಒಂದು ತುತ್ತು ಅವನಿಗೆ, ಒಂದು ನನಗೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಬಿಡಲಿಲ್ಲ. ‘ಚಂದಮಾಮನೂ ಮೊಬೈಲೂ ಒಂದೇ ಅಲ್ವಾ ಮೇಡಂ? ಎರಡೂ ಗಮನ ಬೇರೆ ಕಡೆ ತಿರುಗಿಸೋದೇ ತಾನೆ?’ ಒಳ್ಳೆ ಪ್ರಶ್ನೆ. ಸ್ವಲ್ಪ ಹೊತ್ತು ಉತ್ತರ ಹೊಳೆಯಲಿಲ್ಲ. ಆಮೇಲೆ ಹೇಳಿದೆ, ಚಂದಮಾಮನನ್ನು ಎರಡು ನಿಮಿಷಕ್ಕಿಂತ ಜಾಸ್ತಿ ನೋಡಲು ಆಗುವುದಿಲ್ಲ, ಮಗು ವಾಪಸ್ ನಿಮ್ಮ ಮುಖಕ್ಕೇ ಬರುತ್ತದೆ. ಮೊಬೈಲಿಂದ ವಾಪಸ್ ಬರುವುದಿಲ್ಲ. ನಮ್ಮ ಮಕ್ಕಳ ವೈದ್ಯರ ಸಂಘ, ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ, ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ ಅನ್ನುತ್ತದೆ, ದೂರದ ನೆಂಟರ ವಿಡಿಯೋ ಕರೆ ಬಿಟ್ಟು. ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಒಳಗೆ. ಹುಡುಗಿಗೆ ಪೂರ್ತಿ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಇನ್ನೊಬ್ಬರು, ಗಂಡ ಹೆಂಡತಿ ಇಬ್ಬರೇ ನೆಮ್ಮದಿಯಾಗಿ ಉಣ್ಣಬೇಕು ಅನ್ನಿಸುತ್ತದೆ, ಅದು ಸ್ವಾರ್ಥವಾ ಅಂತ ತಗ್ಗಿದ ದನಿಯಲ್ಲಿ ಕೇಳಿದರು. ಖಂಡಿತ ಉಣ್ಣಿ. ಮಗುವಿನ ಜೊತೆ ಏಳಕ್ಕೆ ಒಂದು ಮುದ್ದೆ, ಅವರ ಜೊತೆ ಒಂಬತ್ತಕ್ಕೆ ಒಂದು ಹಿಡಿ ಮೊಸರನ್ನ. ಇದರಲ್ಲಿ ಕೇಳುವುದೇನಿದೆ. ಮಗುವಿನ ತೂಕ ಇಳಿಯುತ್ತಿದ್ದರೆ, ನುಂಗುವಾಗ ಕೆಮ್ಮು ಬರುತ್ತಿದ್ದರೆ, ಅದು ನನ್ನನ್ನು ಕೇಳುವ ವಿಷಯ ಅಲ್ಲ, ಡಾಕ್ಟರ ಹತ್ತಿರ ಹೋಗಿ ಅಂದೆ.

ಕೊನೆಗೆ ಚೀಟಿಯ ಅಪ್ಪ ತಾವೇ ಕೈ ಎತ್ತಿದರು. ‘ಸರಿ ಮೇಡಂ, ಬೆಳಗ್ಗೆ ಪಕ್ಕದಲ್ಲಿ ಕೂರ್ತೀನಿ. ಅವಳು ಎರಡೇ ತುತ್ತು ತಿಂದು ಎದ್ದು ಓಡಿಹೋಗ್ತಾಳೆ. ಆಗೇನು ಮಾಡ್ಲಿ?’

ಓಡಲಿ ಅಂದೆ. ನೀವು ಹಿಂದೆ ಓಡಬೇಡಿ. ಕೂತು ನಿಮ್ಮ ಇಡ್ಲಿ ಮುಗಿಸಿ. ನಮ್ಮ ಮನೆಯ ಹುಡುಗನೂ ಓಡುತ್ತಾನೆ. ಬಾಗಿಲವರೆಗೆ ಹೋಗಿ, ಯಾರೂ ಬರಲಿಲ್ಲ ಅಂತ ತಿರುಗಿ ನೋಡಿ, ವಾಪಸ್ ಬಂದು ನನ್ನ ತೊಡೆಗೆ ಒರಗಿ ನಿಲ್ಲುತ್ತಾನೆ. ನನ್ನ ತಟ್ಟೆಯ ಅಂಚಿನಲ್ಲಿ ನಾನು ಕಡೆಗೆ ಅಂತ ಇಟ್ಟುಕೊಂಡಿರುವ ಹಪ್ಪಳ ಮುರಿದುಕೊಂಡು ಮತ್ತೆ ಓಡುತ್ತಾನೆ.